ಬಸುರಿಗೆ ಫಿಲ್ಟರ್ ನೀರು

ಶ್ರೀನಿವಾಸಪುರದ ನಮ್ಮ ಮನೆಯಲ್ಲಿ ಎರಡು ಥರದ ನೀರು. ನಲ್ಲಿಯಲ್ಲಿ ಬರುವ ಬೋರ್ ನೀರು ಬಟ್ಟೆ, ಪಾತ್ರೆಗೆ. ಬೀದಿ ಕೊನೆಯ ಶುದ್ಧ ನೀರಿನ ಘಟಕದಿಂದ ಹೊತ್ತು ತರುವ ಫಿಲ್ಟರ್ ನೀರು ಕುಡಿಯಲಿಕ್ಕೆ. ನನ್ನ ಮೀನಿನ ತೊಟ್ಟಿಗೆ ಹಾಕುತ್ತಿದ್ದದ್ದು ಬೋರ್ ನೀರೇ. ಕಪ್ಪು ಮೋಲಿ ಮೀನುಗಳನ್ನು ಕೊಡುವಾಗ ಕೋಲಾರದ ಅಂಗಡಿಯವರು, "ಇವಕ್ಕೆ ಗಡಸು ನೀರೇ ಬೇಕು, ನಿಮ್ಮೂರಿಂದು ಸರಿಹೋಗುತ್ತೆ" ಅಂದಿದ್ದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಾಗಲೇ ಹೆಣ್ಣು ಮೋಲಿ ಬಸುರಿಯಾಗಬೇಕೇ! ಮೋಲಿ ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ನಾನೋ ಒಂದು ಪುಟ ಓದುವುದು, ಎದ್ದು ಹೋಗಿ ಅದರ ಹೊಟ್ಟೆ ನೋಡುವುದು. ಅಮ್ಮ ಬೈದಳು. ಕೊನೆಗೆ ಅಜ್ಜಿಗೆ ಒಪ್ಪಿಸಿದೆ.

"ಬಸುರೀನ ನೋಡ್ಕೊಳ್ಳೋದು ನಂಗೆ ಹೇಳ್ಕೊಡ್ತೀಯೇನೇ? ಮೂರು ಹೆಣ್ಮಕ್ಕಳ ಬಾಣಂತನ ಮಾಡಿದೀನಿ, ನೀನು ಓದ್ಕೋ ಹೋಗು" ಎಂದು ಅಜ್ಜಿ ಸೆರಗು ಸಿಕ್ಕಿಸಿಕೊಂಡಳು.

ಎರಡು ವಾರ ನಾನು ತೊಟ್ಟಿಯ ಕಡೆ ತಿರುಗಿ ನೋಡಲಿಲ್ಲ. ರಸಾಯನಶಾಸ್ತ್ರದ ಪರೀಕ್ಷೆಯ ಹಿಂದಿನ ದಿನ ನೋಡುತ್ತೇನೆ, ಮೋಲಿ ರೆಕ್ಕೆ ಮುದುರಿಕೊಂಡು ಇದ್ದಲ್ಲೇ ನಡುಗುತ್ತಿದೆ. ಅಜ್ಜಿ ಬೇಕಾಬಿಟ್ಟಿ ತಿನ್ನಿಸಿದ್ದಾಳೆ ಅಂದುಕೊಂಡೆ.

"ನಿಂಗೆ ಒಪ್ಪಿಸಿದ್ನಲ್ಲ, ನಂಗೆ ಬುದ್ಧಿಯಿಲ್ಲ! ಇನ್ಮೇಲೆ ಈ ತೊಟ್ಟಿ ಮುಟ್ಟಿದ್ರೆ ನೋಡು!"

ನಂದು ಯಾವತ್ತೂ ಹಾಗೇ, ಮೊದಲು ಬಾಯಿ, ಆಮೇಲೆ ಯೋಚನೆ. ಅಜ್ಜಿ ಅಡುಗೆಮನೆಗೆ ಹೋದಳು.

ಅಂಗಡಿಗೆ ಫೋನ್ ಮಾಡಿದರೆ ಅವರು ಮೊದಲು ಕೇಳಿದ್ದೇ, "ಯಾವ ನೀರಮ್ಮಾ ಹಾಕಿದ್ದು?" ಅಜ್ಜಿಯನ್ನು ಕೇಳಿದೆ.

"ಫಿಲ್ಟರ್ ನೀರು ಕಣಮ್ಮ. ದಿನಾ ಎರಡು ಚೊಂಬು ತೆಗ್ದು ಎರಡು ಚೊಂಬು ಹಾಕ್ತಿದ್ದೆ. ಬಸುರಿಗೆ ಆ ಬೋರ್ ನೀರು ಹೆಂಗ್ ಕುಡಿಸೋದು?"

"ಮನೆಗೆ ಕಮ್ಮಿ ಆಗ್ಲಿಲ್ವಾ?"

"ನನ್ ಪಾಲಿಂದು ಹಾಕ್ದೆ. ನಾನು ನಲ್ಲೀದೇ ಕುಡ್ಕೊಂಡೆ. ಈ ವಯಸ್ಸಲ್ಲಿ ನಂಗೇನಾಗ್ಬೇಕು?"

ಫಿಲ್ಟರ್ ಬರುವ ಮುಂಚೆ ಫ್ಲೋರೈಡ್ ತುಂಬಿದ ಬೋರ್ ನೀರು ಕುಡಿದೂ ಕುಡಿದೂ ಅವಳ ಮಂಡಿ ಬಗ್ಗುವುದಿಲ್ಲ, ಹಲ್ಲೆಲ್ಲ ಕಂದು. ತಪ್ಪಾಯ್ತು ಅನ್ನಬೇಕಿತ್ತು. ಅನ್ನದೆ ತೊಟ್ಟಿಯ ಕಡೆ ಓಡಿದೆ.

ನೀರಿಗೆ ಮತ್ತೆ ಗಡಸುತನ ಬರಲೆಂದು ಅಂಗಡಿಯವರು ಹೇಳಿದಂತೆ ಗಂಟೆಗೊಂದು ಚೊಂಬು ಬೋರ್ ನೀರು ಬದಲಾಯಿಸುತ್ತಾ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಕೂತೆ. ಓದಿದ್ದು ತಲೆಗೆ ಹತ್ತಿದ್ದು ಅಷ್ಟಕ್ಕಷ್ಟೇ. ಮರುದಿನ ಪರೀಕ್ಷೆ ಬರೆದು ಬರುವಷ್ಟರಲ್ಲಿ ಮೋಲಿಯ ನಡುಕ ಕಡಿಮೆಯಾಗಿತ್ತು. ಮೂರನೆಯ ದಿನ ಬೆಳಿಗ್ಗೆ ಗಿಡದ ಸಂದಿಯಲ್ಲಿ ಸಾಸಿವೆ ಕಣ್ಣಿನ ಮರಿಗಳು!

"ಅಜ್ಜೀ, ಹೆರಿಗೆ ಆಯ್ತು, ಬೇಗ ಬಾ!"

ಅಜ್ಜಿ ಬಂದವಳು ಬಾಗಿಲಲ್ಲೇ ನಿಂತಳು. ಒದ್ದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ನಾನು ಮುಟ್ಟಲ್ಲ ಕಣಮ್ಮ, ಇಲ್ಲಿಂದ್ಲೇ ನೋಡ್ತೀನಿ. ಆಹಾ, ಎಷ್ಟು ಲಕ್ಷಣವಾಗಿದಾವೆ!"

ಅವಳ ಕಣ್ಣಿಗೆ ಅಷ್ಟು ದೂರದಿಂದ ಒಂದು ಮರಿಯೂ ಕಾಣುವಂತಿರಲಿಲ್ಲ.