ಜನ್ನಾಪುರದಲ್ಲಿ ‘ಚೆನ್ನಾಗಿದೆ’ ಅನ್ನಬಾರದು

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಶಿವಮೊಗ್ಗದ ಬಸ್ ನಿಲ್ದಾಣಕ್ಕೆ ಹೋದಾಗ ಆನೆಕೆ ನನಗಿಂತ ಮೊದಲೇ ಬಂದು ನಿಂತಿದ್ದಳು. ಹಾಲೆಂಡಿನ ಹುಡುಗಿ. ಮಣ್ಣು ಪರೀಕ್ಷೆಯ ಕೆಲಸಕ್ಕೆಂದು ನಮ್ಮೂರಿಗೆ ಬಂದು, ಕನ್ನಡ ಕಲಿತು, ನನ್ನ ದೊಡ್ಡಮ್ಮನ ಮಗ ಮೋಹನನನ್ನೇ ಮದುವೆಯಾಗುತ್ತೇನೆ ಎಂದವಳು. ಭದ್ರಾವತಿಯ ಜನ್ನಾಪುರದಲ್ಲಿರುವ ದೊಡ್ಡಮ್ಮ ಹುಡುಗಿಯನ್ನು ನೋಡದೆ ಹೂಂ ಅನ್ನುವುದಿಲ್ಲ ಎಂದಿದ್ದರು. ಮೋಹನ ಬರಕೂಡದು, ಬಂದರೆ ಅವಳ ಮಾತನ್ನೂ ಅವನೇ ಆಡುತ್ತಾನೆ ಎಂದೂ ಹೇಳಿದ್ದರು. ಹಾಗಾಗಿ ಇಪ್ಪತ್ತು ಕಿಲೋಮೀಟರಿನ ಈ ಪ್ರಯಾಣಕ್ಕೆ ನಾನೇ ಮುಂದಾಳು. ಇಂಥ ಕೆಲಸ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ.

ಸರ್ಕಾರಿ ಬಸ್ಸಿನಲ್ಲಿ ನನಗೆ ಉಚಿತ ಟಿಕೆಟ್, ಅವಳಿಗೆ ದುಡ್ಡಿನ ಟಿಕೆಟ್. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು, ಬಸ್ಸು ಮಾತ್ರ ಅಲುಗಲಿಲ್ಲ. ಹಿಂದಿನ ಸೀಟಿನ ಯಜಮಾನರೊಬ್ಬರು ಗೊಣಗಿದರು: “ಇವ್ನು ಹೊರಡೋದ್ರೊಳಗೆ ನಡ್ಕೊಂಡೇ ಹೋಗ್ಬಹುದಿತ್ತು ಮಾರಾಯ!”

ಆನೆಕೆ ನಕ್ಕಳು. “ನಮ್ಮಲ್ಲೂ ಹೀಗೇ ಅಕ್ಕಾ. ರೈಲು ಸ್ವಲ್ಪ ಲೇಟಾದ್ರೆ ಇಡೀ ಬೋಗಿ ಬೈಯುತ್ತೆ.”

“ಇದನ್ನೆಲ್ಲ ದೊಡ್ಡಮ್ಮನ ಹತ್ರ ಹೇಳ್ಬೇಡ. ಏನ್ ಕೇಳಿದ್ರೂ ಚೆನ್ನಾಗಿದೆ ಅನ್ನು” ಎಂದು ತಾಕೀತು ಮಾಡಿದೆ. ಶ್ರೀಮಂತ ದೇಶದವಳು ಗೊಣಗಿದರೆ ಸೊಕ್ಕು ಎಂದುಕೊಂಡಾರು ಎಂಬುದು ನನ್ನ ಲೆಕ್ಕಾಚಾರ.

ಭದ್ರಾವತಿಯಲ್ಲಿಳಿದು ಆಟೋ ಹಿಡಿದೆವು. ದೊಡ್ಡಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕಾಫಿ ಕೊಟ್ಟು ವಿಚಾರಣೆ ಶುರು ಮಾಡಿದರು.

“ಹೇಗಿದ್ದೀಯಮ್ಮ?”

“ಚೆನ್ನಾಗಿದ್ದೀನಿ.”

“ನಿಮ್ಮಮ್ಮ?”

“ಚೆನ್ನಾಗಿದ್ದಾರೆ.”

“ಈ ಸೆಕೆ?”

“ತುಂಬಾ ಚೆನ್ನಾಗಿದೆ.”

ದೊಡ್ಡಮ್ಮನ ಮುಖ ಬಿಗಿಯಾಯಿತು. ಊಟ ಬಡಿಸಿದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದರು. “ಏನೇ ಮಾರಾಯ್ತಿ ಇದು? ಹೊರಗಿನೋರ ಹತ್ರ ಮಾತಾಡೋ ಹಾಗೆ ಎಲ್ಲಾದಕ್ಕೂ ಚೆನ್ನಾಗಿದೆ ಅಂತಾಳಲ್ಲ! ಕಷ್ಟ ಹೇಳ್ಕೊಳ್ದೋಳು ನಮ್ಮೋಳು ಹೇಗಾಗ್ತಾಳೆ? ನಾನು ಒಪ್ಪಲ್ಲ ಅಂತ ಮೋಹನಂಗೆ ಹೇಳ್ಬಿಡು.”

ನಮ್ಮ ಕಡೆ ಹೇಗಿದ್ದೀರಿ ಎಂದರೆ ‘ಏನೋ, ಹೀಗಿದೀವಿ’ ಎಂದು ನಿಟ್ಟುಸಿರಿಟ್ಟು ಮಂಡಿ ನೋವಿನಿಂದ ಶುರು ಮಾಡುವುದು ವಾಡಿಕೆ. ಚೆನ್ನಾಗಿದೆ ಎನ್ನುವುದು ಊರಿಗೆ ಬಂದ ಅಧಿಕಾರಿಗಳ ಮುಂದೆ ಮಾತ್ರ. ಇಲ್ಲೇ ಹುಟ್ಟಿ ಬೆಳೆದ ನಾನು ಅದನ್ನೇ ಮರೆತಿದ್ದೆ. ಆದರೆ ಸೋತು ಹಿಂದಿರುಗುವ ಹೆಂಗಸು ನಾನಲ್ಲ. ಹಜಾರಕ್ಕೆ ಬಂದು, “ಆನೆಕೆ, ನಿಮ್ಮಮ್ಮ ಫೋನಲ್ಲಿ ಏನೇನು ಹೇಳ್ತಾರೆ, ಇದ್ದದ್ದು ಇದ್ದ ಹಾಗೇ ಹೇಳು” ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಶುರುವಾದಳು. ಅಮ್ಮನಿಗೆ ಮಂಡಿ ನೋವು. ಡಾಕ್ಟರು ಸಿಗುವುದೇ ಕಷ್ಟ, ಸಿಕ್ಕರೆ ಅದೇ ಮಾತ್ರೆ. ಅಪ್ಪ ಟಿವಿ ಬಿಟ್ಟು ಏಳುವುದಿಲ್ಲ. “ಪಕ್ಕದ ಮನೆಯವರ ಮರದ ಎಲೆ ಎಲ್ಲಾ ನಮ್ಮ ಅಂಗಳಕ್ಕೆ ಬೀಳುತ್ತೆ. ಗುಡಿಸೋದು ನಮ್ಮಮ್ಮ.”

ದೊಡ್ಡಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ಅಲ್ಲೂ ಹಾಗೇನಾ! ಇಲ್ಲೂ ನುಗ್ಗೆ ಮರ ಪಕ್ಕದ ಮನೆ ಸರೋಜಂದು, ಕಂಬಳಿಹುಳ ನಮಗೆ. ಅಲ್ಲಮ್ಮ, ಅಷ್ಟು ದುಡ್ಡಿರೋ ದೇಶದಲ್ಲೂ ಮಂಡಿ ನೋವಿಗೆ ಔಷಧಿ ಇಲ್ವಾ?”

“ಇಲ್ಲ ಅಮ್ಮ.”

“ಅಯ್ಯೋ ಪಾಪ” ಎಂದರು. ಕಾಣದ ಬೀಗಿತ್ತಿಯ ಮೇಲೆ ಅವರಿಗೆ ನಿಜವಾಗಿಯೂ ಮರುಕ ಹುಟ್ಟಿತ್ತು. ಸಂಜೆಯವರೆಗೆ ಮಾತು ನಿಲ್ಲಲಿಲ್ಲ. ಮದುವೆಯ ಸುದ್ದಿ ಮಾತ್ರ ಅವರ ಬಾಯಲ್ಲಿ ಬರಲಿಲ್ಲ.

ಹೊರಟು ಗೇಟು ದಾಟುವಾಗ ಆನೆಕೆಯ ಮುಖ ಸಪ್ಪಗಿತ್ತು. ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಸರೋಜಮ್ಮನ ದನಿ: “ಯಾರ್ರೀ ಬಂದಿದ್ದು?”

“ನಮ್ಮ ಸೊಸೆ ಕಣ್ರೀ!” ದೊಡ್ಡಮ್ಮನ ದನಿ ಬೀದಿಗೆಲ್ಲ ಕೇಳಿಸಿತು. “ಏನ್ ಹೇಳ್ಲಿ ನನ್ನ ಕಷ್ಟ, ಊಟ ಅಂದ್ರೆ ಗುಬ್ಬಿ ತಿಂದ ಹಾಗೆ ತಿಂತಾಳೆ. ಕೈಗೆ ಒಂದು ಬಳೆಯಿಲ್ಲ. ಇನ್ನು ಎಲ್ಲಾ ನಾನೇ ಕಲಿಸ್ಬೇಕು!”

ಆನೆಕೆ ಗಾಬರಿಯಿಂದ ನನ್ನ ತೋಳು ಹಿಡಿದಳು. “ಅಕ್ಕಾ, ನನ್ನ ಬೈತಿದ್ದಾರೆ.”

“ಬೈಲಿ ಬಿಡು, ಬಾ” ಎಂದು ಆಟೋಗೆ ಕೈ ತೋರಿಸಿದೆ. “ಶಿವಮೊಗ್ಗದಲ್ಲಿ ಇಳಿದ ತಕ್ಷಣ ಬಳೆ ಅಂಗಡಿಗೆ ಹೋಗೋಣ.”