ಮೌಸ್ ಮುಟ್ಟದ ಮೇಡಂ

ಚಳ್ಳಕೆರೆಯ ಡಿಗ್ರಿ ಕಾಲೇಜಿನಲ್ಲಿ ನಮಗೆ ಕಂಪ್ಯೂಟರ್ ಕಲಿಸಿದ ಮೇಡಂ ನಮ್ಮ ಮೌಸನ್ನು ಎಂದೂ ಮುಟ್ಟುತ್ತಿರಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, "ನೀನೇ ಒತ್ತು, ಏನೂ ಸುಟ್ಟೋಗಲ್ಲ" ಅನ್ನುತ್ತಿದ್ದರು.

ವೆಬ್ ಪುಟ ಒಪ್ಪಿಸುವ ಕೊನೆಯ ದಿನ, ಲ್ಯಾಬ್ ಮುಚ್ಚಲು ಹತ್ತು ನಿಮಿಷವಿತ್ತು. ಮೊಳಕಾಲ್ಮೂರಿನ ಹುಡುಗಿಯೊಬ್ಬಳು, ತನ್ನವ್ವ ನೇಯ್ದ ಸೀರೆಗಳ ಬಗ್ಗೆ ಮಾಡಿದ್ದ ಪುಟವನ್ನು ಕೈತಪ್ಪಿ ಪೂರ್ತಿ ಅಳಿಸಿಬಿಟ್ಟಳು.

"ಎಲ್ಲಾ ಹೋಯ್ತು ಮೇಡಂ, ನೀವೇ ಏನಾರ ಮಾಡ್ರಿ" ಎಂದು ಅತ್ತಳು.

"ಹೋಗಿಲ್ಲಮ್ಮ, ಅಲ್ಲೇ ಐತೆ. ಕಂಟ್ರೋಲ್ ಜೊತೆ ಜೆಡ್ ಒತ್ತು. ನೀನೇ ಒತ್ತು."

ದನಿ ಶಾಂತವಾಗಿತ್ತು. ಹಿಂದಿನ ಸಾಲಿನಲ್ಲಿದ್ದ ನನಗೆ ಮಾತ್ರ ಅವರ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದುದು ಕಾಣುತ್ತಿತ್ತು.

ಹುಡುಗಿ ಕಣ್ಣೊರೆಸಿಕೊಂಡು ಒತ್ತಿದಳು. ಸೀರೆಗಳೆಲ್ಲ ವಾಪಸು ಬಂದವು.

ಮೇಡಂ ವರಾಂಡಕ್ಕೆ ಹೋಗಿ ಕಂಬಕ್ಕೆ ಒರಗಿದರು.

"ವಾಪಸ್ ಬರ್ತೈತೆ ಅಂತ ನಿಮಗೆ ಗೊತ್ತಿತ್ತಾ ಮೇಡಂ?" ಎಂದು ನಾನು ಹಿಂದೆಯೇ ಹೋಗಿ ಕೇಳಿದೆ.

"ಇಲ್ಲ ಕಣೇ" ಅಂದರು.