ನನ್ನ ಮಗಳು ‘ಡಲ್’ ಅಂತೆ!

ಮಗಳು ನಯನಾ ಹತ್ತನೇ ಕ್ಲಾಸಿನಲ್ಲಿದ್ದ ವರ್ಷ. ದಸರಾ ರಜೆ ಮುಗಿದ ವಾರವೇ ಶಾಲೆಯಲ್ಲಿ ಪಾಲಕರ ಸಭೆ ಕರೆದಿದ್ದರು. ನಾನು ಶಿರಸಿಯ ವ್ಯಾಪಾರಿಯೊಬ್ಬರ ವಖಾರಿಯಲ್ಲಿ ಅಡಿಕೆ ಆರಿಸುವ ಕೆಲಸಕ್ಕೆ ಹೋಗುವವಳು. ಅರ್ಧ ದಿನ ರಜೆ ಕೇಳಿ, ಕೈ ತೊಳೆದು, ಉಟ್ಟ ಸೀರೆಯಲ್ಲೇ ಓಡಿದೆ.

ಹೋಗಿ ನೋಡಿದರೆ, ಮಕ್ಕಳನ್ನು ಬಿಡಿ, ಪಾಲಕರನ್ನೂ ಬೇರೆ ಬೇರೆ ಕೂರಿಸಿದ್ದಾರೆ! ಜಾಣ ಮಕ್ಕಳ ಅಪ್ಪ ಅಮ್ಮನಿಗೆ ಮುಂದೆ ಫ್ಯಾನಿನ ಕೆಳಗೆ ಕುರ್ಚಿ. ನಮಗೆ ಹಿಂದೆ ಮೊಣಕಾಲು ತಾಗುವ ಬೆಂಚು. ಹೆಡ್‌ಮಾಸ್ತರ್ರು ಒಬ್ಬೊಬ್ಬರನ್ನೇ ಕರೆದು ಅಂಕಪಟ್ಟಿ ಕೊಡುತ್ತಿದ್ದರು. ನನ್ನ ಸರದಿ ಬಂತು. ನಯನಾ ಪಕ್ಕದಲ್ಲೇ ನಿಂತಿದ್ದಳು. ಅವಳ ಎದುರೇ, ಇಡೀ ಕೋಣೆಗೆ ಕೇಳುವಂತೆ, “ಇವಳು ಡಲ್ ನೋಡ್ರಿ” ಅಂದರು. “ಟಿಸಿ ತಗೊಂಡು ಪ್ರೈವೇಟಾಗಿ ಪರೀಕ್ಷೆ ಕಟ್ಟಿಸ್ರಿ. ಇಲ್ಲಾಂದ್ರೆ ನಮ್ಮ ಶಾಲೆ ರಿಸಲ್ಟು ನೂರಕ್ಕೆ ನೂರು ಬರೂದಿಲ್ಲ.” ಸಹಿ ಹಾಕಲಿಕ್ಕೆ ಅರ್ಜಿ, ಪೆನ್ನು ಎರಡೂ ಮೇಜಿನ ಮೇಲೆ ತಯಾರಿದ್ದವು.

ನನಗೆ ಮೈಯೆಲ್ಲ ಉರಿದುಹೋಯಿತು. ಈ ಶಬ್ದ ನನಗೇನೂ ಹೊಸದಲ್ಲ. ವ್ಯಾಪಾರ ಕಮ್ಮಿಯಾದರೆ ಮಾರ್ಕೆಟ್ ಡಲ್ ಅಂತಾರೆ. ಸೀರೆಯ ಬಣ್ಣ ಮಾಸಿದರೆ ಡಲ್. ಜ್ವರ ಬಿಟ್ಟವರ ಮುಖ ಕಂಡು ‘ಎಂತಕ್ಕೆ ಡಲ್ಲಾಗಿದ್ದೀಯ’ ಅಂತ ಕೇಳುತ್ತೇವೆ. ಮಾರ್ಕೆಟ್ ನಾಳೆ ಏಳುತ್ತದೆ, ಜ್ವರದ ಮುಖವೂ ನಾಲ್ಕು ದಿನಕ್ಕೆ ಸರಿಹೋಗುತ್ತದೆ. ಮಕ್ಕಳಿಗೆ ಅಂದರೆ ಮಾತ್ರ ಮುಗೀತು, ಹಣೆಗೆ ಬರೆ ಹಾಕಿದ ಹಾಗೆ! ಇಂಥ ಮಾತು ಆಡಲಿಕ್ಕೆ ಇವರಿಗೆ ನಾಲಿಗೆಯಾದರೂ ಹೇಗೆ ಬರುತ್ತದೋ!

“ಸರ್, ನಾನು ದಿನಾ ಅಡಿಕೆ ಆರಿಸೋಳು” ಅಂದೆ. “ಬಣ್ಣ ಕಮ್ಮಿ ಅಂತ ಒಂದು ಅಡಿಕೆನೂ ಸುಮ್ಮನೆ ಕಳಪೆ ಗೋಟಿನ ರಾಶಿಗೆ ಹಾಕೋದಿಲ್ಲ ನಾವು. ಅನುಮಾನ ಬಂದ್ರೆ ಕತ್ತರಿಸಿ ಒಳಗೆ ನೋಡ್ತೇವೆ. ನೀವು ಇವಳನ್ನ ಎಂತ ನೋಡಿ ತೆಗೆದು ಹಾಕಿದ್ರಿ?”

ಮುಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕೆಂದು ನಕ್ಕರು. “ಅಡಿಕೆ ಬೇರೆ, ವಿದ್ಯೆ ಬೇರೆ ತಾಯಿ” ಅಂದರು ಮಾಸ್ತರ್ರು.

ನಾನು ಅಂಕಪಟ್ಟಿ ಬಿಚ್ಚಿ ನೋಡಿದೆ. ನಪಾಸಾಗಿದ್ದು ಗಣಿತ ಒಂದರಲ್ಲೇ. ಉಳಿದ ಐದೂ ಪಾಸು!

“ಗಣಿತಕ್ಕೆ ಮೂರು ತಿಂಗಳು ಮಾಸ್ತರೇ ಇರ್ಲಿಲ್ಲ ಅಲ್ದಾ ಸರ್ ಇಲ್ಲಿ? ಹಂಗಾರೆ ಶಾಲೆಗೆ ಎಂತ ಅನ್ನೋದು?”

ಈ ಸಲ ಯಾರೂ ನಗಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬರು, “ಹೌದು ಮಾರಾಯ್ರೆ, ಅದನ್ನ ಹೇಳಿ ಮೊದಲು” ಅಂದರು. ನಾನು ಅರ್ಜಿಯನ್ನು ಮಾಸ್ತರ್ರ ಕಡೆಗೇ ದೂಡಿ, “ಸಹಿ ಹಾಕೋದಿಲ್ಲ. ಇವಳು ಇದೇ ಶಾಲೆಯಿಂದ ಪರೀಕ್ಷೆ ಬರೀತಾಳೆ” ಅಂದೆ.

“ಫೇಲಾದ್ರೆ ನಿಮ್ದೇ ಜವಾಬ್ದಾರಿ.”

“ಆಗ್ಲಿ. ಪಾಸಾದ್ರೆ ಅದು ನಿಮ್ದು ಅಂತ ಬೋರ್ಡು ಹಾಕ್ಬೇಡಿ ಮತ್ತೆ!”

ನಯನಾಳ ಕೈ ಹಿಡಿದು ಹೊರಗೆ ಬಂದೆ. ಬಸ್‌ ನಿಲ್ದಾಣ ಮುಟ್ಟುವವರೆಗೂ ನನ್ನ ಬಾಯಿ ನಿಲ್ಲಲಿಲ್ಲ. “ನೋಡಿದ್ಯಾ, ಹೆಂಗೆ ಬಾಯಿ ಮುಚ್ಚಿಸ್ದೆ! ನನ್ನ ಮಗಳಿಗೆ ಡಲ್ ಅನ್ನಲಿಕ್ಕೆ ಅವನ್ಯಾರು?” ಅಂತ ಕೊಚ್ಚಿಕೊಂಡೆ. ಅವಳು ತಲೆ ತಗ್ಗಿಸಿ ಚೀಲದ ಪಟ್ಟಿ ತಿರುವುತ್ತಿದ್ದಳು.

“ಮೊದ್ಲು ಅಂದಿದ್ದು ನೀನಲ್ದಾ ಅಮ್ಮಾ?” ಅಂದಳು. “ನೆಂಟರು ಬಂದಾಗೆಲ್ಲ ಹೇಳ್ತೀಯಲ್ಲ, ದೊಡ್ಡ ಮಗ ಚುರುಕು, ಇವಳು ಸ್ವಲ್ಪ ಡಲ್ಲು ಅಂತ. ಅಡುಗೆಮನೆಗೆ ಕೇಳ್ತದೆ.”

ಸುಳ್ಳು ಅನ್ನೋಣವೆಂದರೆ ಸುಳ್ಳಲ್ಲ. ಚಹಾ ಲೋಟ ಕೊಡುತ್ತಾ, ನಗುತ್ತಾ, ಏನೋ ತಮಾಷೆಯ ಹಾಗೆ ಅಂದುಬಿಡುತ್ತಿದ್ದೆ. ಅಯ್ಯೋ, ಎಂಥ ತಾಯಿ ನಾನು! ಬಸ್ಸು ಬಂತು, ಹೋಯಿತು. ನಾವು ಹತ್ತಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು, “ತಪ್ಪಾಯ್ತು ಮಗಾ” ಅಂದೆ.

ನಯನಾ ಅದೇ ಶಾಲೆಯಿಂದ ಪರೀಕ್ಷೆ ಬರೆದಳು. ಗಣಿತದಲ್ಲಿ ಅಂಚಿನಲ್ಲಿ ಪಾಸು, ಕನ್ನಡದಲ್ಲಿ ಒಳ್ಳೆಯ ಅಂಕ. ಆ ಮಾಸ್ತರ್ರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಆದರೆ ಅವರು ಅಂದಿದ್ದು ಒಂದು ಸಲ. ನಾನು ಎಷ್ಟು ಸಲ ಅಂದಿದ್ದೆನೋ ನನಗೆ ನೆನಪಿಲ್ಲ. ಅವಳಿಗೆ ನೆನಪಿದೆ.